ಶಾಸನದೃಷ್ಟಿಯೂ ಗಣಿಯೂ: ಕೋಲಾರದ ಚಿನ್ನದ ಗಣಿಗಳ ಸ್ಮರಣೆಯನ್ನು ಕುರಿತು

೧

ಕರ್ನಾಟಕದ ಪ್ರಾಚೀನ ಚರಿತ್ರೆಯನ್ನು ಅಭ್ಯಾಸಮಾಡುವವರಿಗೆಲ್ಲ ರಾಯಚೂರು ಜಿಲ್ಲೆಯ ಮಸ್ಕಿಯ ಹೆಸರು ಪರಿಚಿತವಾದುದು. ‘ದೇವಾನಾಂಪ್ರಿಯ’ ಎಂಬ ಬಿರುದಿನ ಮರೆಯಲ್ಲಿದ್ದ ಅರಸನು ಅಶೋಕನೇ ಎಂಬುದನ್ನು ಅವನ ಹೆಸರನ್ನೇ ಹೇಳಿ ಸ್ಥಿರಪಡಿಸಿದ ಬಂಡೆಗಲ್ಲಿನ ಶಾಸನವು ಅಲ್ಲಿ ಬೆಳಕಿಗೆ ಬಂದುದು ೧೯೧೫ರಲ್ಲಿ. ಅದನ್ನು ಮೊದಲು ಗುರುತಿಸಿದವರು ಪುರಾತತ್ತ್ವಜ್ಞರಲ್ಲ, ಭಾಷಾಪಂಡಿತರೂ ಅಲ್ಲ. ಚಿನ್ನದ ಗಣಿಗಾರಿಕೆಯಲ್ಲಿ ತೊಡಗಿದ್ದ ಬೀಡನ್ ಎಂಬ ಎಂಜಿನಿಯರು. ಹೀಗೆ ಗಣಿಯವರ ಕಣ್ಣಿಗೆ ಶಾಸನವು ಬಿದ್ದಿತು. ಆದರೆ ಶಾಸನವನ್ನು ಓದಬಲ್ಲ ನಮ್ಮ ಕಣ್ಣಿಗೆ ಗಣಿಯು ಇನ್ನೂ ಸರಿಯಾಗಿ ಬಿದ್ದಿಲ್ಲ. ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಈ ಋಣವು ತೀರದೆ ಉಳಿದಿದೆ.

ಇದೇ ಸಂಗತಿಯನ್ನು ಕೋಲಾರ ಜಿಲ್ಲೆಯಲ್ಲಿ ಇನ್ನೂ ಸ್ಪಷ್ಟವಾಗಿ ಕಾಣಬಹುದು. ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕ’ದ ಹತ್ತನೆಯ ಸಂಪುಟವಾಗಿ ಕೋಲಾರ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದುದು ೧೯೦೫ರಲ್ಲಿ. ಗಂಗರು ‘ಕುವಳಾಲಪುರವರೇಶ್ವರ’ರೆಂದು ತಮ್ಮನ್ನು ಕರೆದುಕೊಂಡ ನಾಡಿನ ದಾನಪತ್ರಗಳೂ ವೀರಗಲ್ಲುಗಳೂ ಆ ಸಂಪುಟದಿಂದ ವಿದ್ವಾಂಸರ ಕೈಗೆ ಬಂದುವು. ಅದೇ ವರ್ಷಗಳಲ್ಲಿ, ಅದೇ ಜಿಲ್ಲೆಯ ಪೂರ್ವದ ಅಂಚಿನಲ್ಲಿ, ಚಿನ್ನದ ಗಣಿಗಳ ಉತ್ಪತ್ತಿಯು ತನ್ನ ಉಚ್ಛ್ರಾಯವನ್ನು ಮುಟ್ಟಿದ್ದಿತು. ಹಳೆಯ ಕಲ್ಲಿಗೆ ವಿದ್ವತ್ಸಂಪುಟವು ದೊರೆಯಿತು. ಹೊಸದಾಗಿ ಒಡೆಯುತ್ತಿದ್ದ ಕಲ್ಲಿಗೆ ಷೇರುದಾರರ ಮುಂದೆ ಓದುವ ವಾರ್ಷಿಕ ವರದಿ ದೊರೆಯಿತು.

ಇದಕ್ಕಾಗಿ ರೈಸ್ ಅವರನ್ನು ದೂರುವುದು ಉಚಿತವಲ್ಲ. ಅಂದು ಗಣಿಯು ಜೀವಂತವಾಗಿದ್ದಿತು. ಜೀವಂತವಾಗಿದ್ದುದನ್ನು ಸ್ಮಾರಕವೆಂದು ಯಾರೂ ಎಣಿಸುವುದಿಲ್ಲ. ಇಂದು ಪರಿಸ್ಥಿತಿ ಬೇರೆ. ೨೦೦೧ರಲ್ಲಿ ಗಣಿಗಳು ಮುಚ್ಚಿದುವು. ನೀರನ್ನು ಮೇಲೆತ್ತುವ ಪಂಪುಗಳು ನಿಂತು ಸುರಂಗಗಳಲ್ಲಿ ನೀರು ತುಂಬಿತು. ಶಾಫ್ಟುಗಳ ಮೇಲಿನ ಉಕ್ಕಿನ ಗೋಪುರಗಳು ತುಕ್ಕು ಹಿಡಿದುವು. ಈಗ ಅದು ಗತಕಾಲದ ವಸ್ತು. ಆದುದರಿಂದ ಅದನ್ನು ಹೇಗೆ ಸ್ಮರಿಸುತ್ತಿದ್ದೇವೆ, ಹೇಗೆ ಸ್ಮರಿಸಬೇಕಾಗಿದೆ ಎಂಬ ಪ್ರಶ್ನೆಯನ್ನು ವಿಮರ್ಶೆಯ ಒರೆಗೆ ಹಚ್ಚುವುದು ಈ ಲೇಖನದ ಉದ್ದೇಶ.

೨

ವಿಮರ್ಶೆಗೆ ಮುನ್ನ ವಸ್ತುವಿನ ಪರಿಚಯವು ಅಗತ್ಯ. ಕೋಲಾರದ ನೆಲದಲ್ಲಿ ಚಿನ್ನವಿದೆಯೆಂಬುದು ಹೊಸ ಸಂಗತಿಯಲ್ಲ. ಮೈಸೂರಿನ ಗಡಿಯ ಮೋಜಣಿಗಾಗಿ ಬಂದ ಲೆಫ್ಟಿನೆಂಟ್ ಜಾನ್ ವಾರನ್ ೧೮೦೨ರಲ್ಲಿಯೇ ಸ್ಥಳೀಯರು ಮಣ್ಣನ್ನು ತೊಳೆದು ಚಿನ್ನವನ್ನು ತೆಗೆಯುವ ಕ್ರಮವನ್ನು ಗಮನಿಸಿದ್ದನು. ನ್ಯೂಜಿಲೆಂಡಿನಲ್ಲಿ ಯುದ್ಧಮಾಡಿ ಬಂದು ಬೆಂಗಳೂರಿನಲ್ಲಿ ನೆಲಸಿದ್ದ ಮೈಕೇಲ್ ಫಿಟ್ಜ್‌ಜೆರಾಲ್ಡ್ ಲವೆಲ್ ಎಂಬ ನಿವೃತ್ತ ಸೈನಿಕನು ೧೮೭೫ರಲ್ಲಿ ಗಣಿಯ ಗುತ್ತಿಗೆಯನ್ನು ಪಡೆದನು. ೧೮೮೦ರಲ್ಲಿ ಲಂಡನ್ನಿನ ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆಯು ಪ್ರವೇಶಿಸಿದ ಮೇಲೆ ಕೆಲಸವು ಕ್ರಮಬದ್ಧವಾಯಿತು. ೧೯೫೬ರಲ್ಲಿ ಮೈಸೂರು ಸರಕಾರವು ಗಣಿಗಳನ್ನು ರಾಷ್ಟ್ರೀಕರಣಗೊಳಿಸಿತು. ೧೯೬೨ರಲ್ಲಿ ಅವು ಕೇಂದ್ರ ಸರಕಾರಕ್ಕೆ ಸೇರಿದುವು. ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯು ಸ್ಥಾಪಿತವಾಯಿತು. ಸುಮಾರು ೧೨೦ ವರ್ಷಗಳಲ್ಲಿ ಈ ನೆಲದಿಂದ ಹೊರಬಂದ ಚಿನ್ನವು ಸುಮಾರು ೮೦೦ ಟನ್ನು.

ಈ ಸಂಖ್ಯೆಗಿಂತ ನಮಗೆ ಮುಖ್ಯವಾದುದು ಗಣಿಯ ಸ್ವರೂಪ. ಗಣಿಯೆಂದರೆ ನೆಲದಲ್ಲಿ ತೋಡಿದ ಒಂದು ಗುಂಡಿಯಲ್ಲ. ಬೆಣಚುಕಲ್ಲಿನ ಎಳೆಗಳಲ್ಲಿ ಅಡಗಿದ್ದ ಲೋಹವನ್ನು ತೆಗೆಯಬೇಕಾದರೆ ಕಲ್ಲನ್ನು ಒಡೆದು, ಮೇಲಕ್ಕೆ ಎತ್ತಿ, ಮಿಲ್ಲಿನಲ್ಲಿ ಪುಡಿಮಾಡಿ, ಪಾದರಸದಿಂದಲೂ ಅನಂತರ ಸೈನೈಡಿನ ದ್ರಾವಣದಿಂದಲೂ ಚಿನ್ನವನ್ನು ಬೇರ್ಪಡಿಸಬೇಕು. ಇದಕ್ಕೆಲ್ಲ ಶಕ್ತಿ ಬೇಕು, ನೀರು ಬೇಕು, ದಾರಿ ಬೇಕು. ಕಲ್ಲಿದ್ದಲನ್ನೂ ಸೌದೆಯನ್ನೂ ಸುಟ್ಟು ನಡೆಸುತ್ತಿದ್ದ ಉಗಿಯಂತ್ರಗಳ ವೆಚ್ಚವು ಮಿತಿಮೀರಿದಾಗ ಕಾವೇರಿಯ ಜಲಪಾತದತ್ತ ದೃಷ್ಟಿ ಹರಿಯಿತು. ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಅವರ ಯೋಜನೆಯನ್ನು ದಿವಾನ್ ಶೇಷಾದ್ರಿ ಅಯ್ಯರವರು ಬೆಂಬಲಿಸಿದರು. ೧೯೦೨ರ ಜೂನ್ ತಿಂಗಳಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು ೯೨ ಮೈಲಿ ದೂರವನ್ನು ದಾಟಿ ಗಣಿಗಳನ್ನು ಮುಟ್ಟಿತು. ಅಂದಿನ ಜಗತ್ತಿನಲ್ಲಿಯೇ ಅದು ಅತಿ ದೀರ್ಘವಾದ ವಿದ್ಯುನ್ಮಾರ್ಗಗಳಲ್ಲಿ ಒಂದು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪವು ಬಂದುದು ಮೂರು ವರ್ಷಗಳ ಅನಂತರ, ೧೯೦೫ರಲ್ಲಿ. ಬೇಸಗೆಯಲ್ಲಿ ಕಾವೇರಿಯ ನೀರು ತಗ್ಗಿದರೆ ಗಣಿಯ ಯಂತ್ರಗಳು ನಿಲ್ಲುತ್ತಿದ್ದುವು. ೧೯೧೧ರಲ್ಲಿ ಆರಂಭವಾದ ಕನ್ನಂಬಾಡಿಯ ಅಣೆಕಟ್ಟಿನ ಉದ್ದೇಶಗಳಲ್ಲಿ ಶಿವನಸಮುದ್ರಕ್ಕೆ ವರ್ಷವಿಡೀ ನೀರನ್ನು ಒದಗಿಸುವುದೂ ಒಂದು. ಗಣಿಗೂ ಅದರ ಊರಿಗೂ ಬೇಕಾದ ನೀರು ಪಾಲಾರ್ ನದಿಗೆ ಅಡ್ಡಲಾಗಿದ್ದ ಬೇತಮಂಗಲದ ಜಲಾಶಯದಿಂದ ಬಂದಿತು. ಇಂದಿನ ಬಂಗಾರಪೇಟೆಯಿಂದ ಮಾರಿಕುಪ್ಪದವರೆಗೆ ರೈಲುದಾರಿಯು ಬಂದಿತು.

ಇಷ್ಟನ್ನೂ ಒಟ್ಟಾಗಿ ನೋಡಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ. ಶಿವನಸಮುದ್ರ, ಕನ್ನಂಬಾಡಿ, ಬೇತಮಂಗಲ, ಮಾರಿಕುಪ್ಪ ಇವು ನಾಲ್ಕು ಬೇರೆ ಬೇರೆ ಸ್ಥಳಗಳಲ್ಲ. ಒಂದು ವಾಕ್ಯದ ಪದಗಳು. ಪದವನ್ನು ವಾಕ್ಯದಿಂದ ಕಿತ್ತರೆ ಅದರ ರೂಪವು ಉಳಿಯಬಹುದು, ಅನ್ವಯವು ಉಳಿಯುವುದಿಲ್ಲ. ಇಂದು ಕನ್ನಂಬಾಡಿಯನ್ನು ಉದ್ಯಾನಕ್ಕಾಗಿಯೂ ಶಿವನಸಮುದ್ರವನ್ನು ಜಲಪಾತಕ್ಕಾಗಿಯೂ ನೋಡಿಬರುವ ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಆ ಎರಡನ್ನೂ ಕೋಲಾರದ ಪಾತಾಳದೊಡನೆ ಅನ್ವಯಿಸಿಕೊಳ್ಳಬಲ್ಲರು? ಸಂರಕ್ಷಣೆಯ ಮೊದಲನೆಯ ಕೆಲಸವು ಸುಣ್ಣಗಾರೆಯದಲ್ಲ, ಅನ್ವಯದ್ದು.

೩

ಈಗ ಪ್ರಚಲಿತವಾಗಿರುವ ಸ್ಮರಣೆಯ ಬಗೆಗಳನ್ನು ಪರಿಶೀಲಿಸೋಣ. ಅವು ಮುಖ್ಯವಾಗಿ ಮೂರು.

ಮೊದಲನೆಯದು ಸಾಧನೆಯ ಕಥನ. ದಿವಾನರ ದೂರದೃಷ್ಟಿ, ಎಂಜಿನಿಯರುಗಳ ಚಾತುರ್ಯ, ‘ಮೊತ್ತಮೊದಲನೆಯದು’, ‘ಅತಿ ಆಳವಾದುದು’ ಎಂಬ ವಿಶೇಷಣಗಳು, ಇವೇ ಇದರ ಲಕ್ಷಣ. ಇದರಲ್ಲಿ ಸುಳ್ಳಿಲ್ಲ. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಮಿಕ್ಕಿ ಆಳಕ್ಕೆ ಇಳಿದುದು ನಿಜ. ಆ ಆಳದ ಬಂಡೆಯೇ ಕವಚವಾಗಿ ಒದಗಿ, ೧೯೬೫ರಲ್ಲಿ ವಾಯುಮಂಡಲದ ನ್ಯೂಟ್ರಿನೋ ಕಣಗಳ ಕುರುಹನ್ನು ವಿಜ್ಞಾನಿಗಳು ಅಲ್ಲಿ ಪತ್ತೆಹಚ್ಚಿದುದೂ ನಿಜ. ಆದರೆ ಈ ಕಥನವು ಪ್ರಶಸ್ತಿಶಾಸನದ ಜಾತಿಗೆ ಸೇರಿದುದು. ಪ್ರಶಸ್ತಿಯನ್ನು ಓದುವಾಗ ಬಿರುದಾವಳಿಯನ್ನು ಬದಿಗಿರಿಸಿ ದತ್ತಿಯ ನೆಲವೆಷ್ಟು, ಅದರ ಎಲ್ಲೆ ಯಾವುದು, ಸಾಕ್ಷಿಗಳು ಯಾರು ಎಂದು ಹುಡುಕುವುದನ್ನು ನಮ್ಮ ಶಾಸನಶಾಸ್ತ್ರವು ಕಲಿಸಿದೆ. ಅದೇ ಎಚ್ಚರವು ಇಲ್ಲಿಯೂ ಬೇಕು. ಆ ಆಳದಲ್ಲಿ ಬಂಡೆಯ ಉಷ್ಣತೆಯು ೬೦ ಡಿಗ್ರಿ ಸೆಲ್ಸಿಯಸನ್ನು ಮೀರುತ್ತಿದ್ದಿತು; ಮೇಲಿನ ಭಾರವನ್ನು ತಾಳಲಾರದೆ ಬಂಡೆಯು ಸಿಡಿದು ಜನರು ಸಾಯುತ್ತಿದ್ದರು; ಕಲ್ಲಿನ ಧೂಳು ಉಸಿರುಚೀಲಕ್ಕೆ ಸೇರಿ ಸಿಲಿಕೋಸಿಸ್ ರೋಗವು ಹಿಡಿಯುತ್ತಿದ್ದಿತು. ‘ಅತಿ ಆಳವಾದುದು’ ಎಂಬ ವಿಶೇಷಣದ ನಿಜವಾದ ಅರ್ಥವು ಇದನ್ನೆಲ್ಲ ಒಳಗೊಂಡಿದೆ.

ಎರಡನೆಯದು ‘ಪುಟ್ಟ ಇಂಗ್ಲೆಂಡ್’ ಎಂಬ ಕಥನ. ಅಧಿಕಾರಿಗಳ ಬಂಗಲೆಗಳು, ಕ್ಲಬ್ಬು, ಗಾಲ್ಫ್ ಮೈದಾನ, ಇಗರ್ಜಿಗಳು ಇವುಗಳ ಸೊಗಸನ್ನು ಹಂಬಲದಿಂದ ವರ್ಣಿಸುವುದು ಇದರ ರೀತಿ. ಆ ಕಟ್ಟಡಗಳು ರಕ್ಷಣೀಯವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಅಲ್ಲಿ ಹುಟ್ಟಿ ಬೆಳೆದವರ ಹಂಬಲವೂ ಸಹಜವಾದುದೇ. ಆದರೆ ಬಂಗಲೆಯ ವರ್ಣನೆಯು ಮುಗಿದೊಡನೆ ಊರಿನ ವರ್ಣನೆಯೂ ಮುಗಿಯಿತೆಂದು ತಿಳಿಯುವುದು ದೋಷ. ಬಂಗಲೆಗೆ ಎದುರಾಗಿ ‘ಲೈನು’ಗಳಿದ್ದುವು. ಉತ್ತರ ಆರ್ಕಾಟು, ಚಿತ್ತೂರು ಮೊದಲಾದ ಕಡೆಗಳಿಂದ ಬಂದ ಕಾರ್ಮಿಕರ, ಬಹುಮಟ್ಟಿಗೆ ದಲಿತರ, ಸಾಲುಮನೆಗಳು ಅವು. ಭೂಮಾಲಿಕನ ಹೊಲವನ್ನು ಬಿಟ್ಟು ಕೂಲಿಯ ನಗದನ್ನು ಕೈಯಲ್ಲಿ ಹಿಡಿದವರ ಮನೆಗಳು ಅವಾದುದರಿಂದ, ಅವುಗಳಲ್ಲಿ ಬಡತನದ ಚರಿತ್ರೆಯಷ್ಟೇ ಅಲ್ಲದೆ ಸ್ವಾಭಿಮಾನದ ಚರಿತ್ರೆಯೂ ಇದೆ. ೧೯೩೦ರಲ್ಲಿ, ತಮ್ಮ ಬೆರಳಚ್ಚನ್ನು ತೆಗೆದು ನೋಂದಾಯಿಸುವ ಕ್ರಮವನ್ನು ವಿರೋಧಿಸಿ ಅವರು ಮುಷ್ಕರ ಹೂಡಿದರು. ಅಪರಾಧಿಗಳಿಗೆ ವಿಧಿಸುವ ಕ್ರಮವನ್ನು ತಮಗೆ ವಿಧಿಸಬಾರದೆಂಬುದು ಅದರ ತಿರುಳು. ಬಂಗಲೆಯನ್ನು ಮಾತ್ರ ಕಾಪಾಡಿ ಲೈನನ್ನು ಅಳಿಯಗೊಟ್ಟರೆ ಈ ಸಂಗತಿಗೆ ನೆಲದ ಮೇಲೆ ಸಾಕ್ಷಿಯೇ ಉಳಿಯುವುದಿಲ್ಲ.

ಮೂರನೆಯದು ಚಲನಚಿತ್ರದಿಂದ ಬಂದುದು. ೨೦೧೮ ಮತ್ತು ೨೦೨೨ರಲ್ಲಿ ತೆರೆಕಂಡ ‘ಕೆ.ಜಿ.ಎಫ್.’ ಚಿತ್ರಗಳಿಂದ ಆ ಮೂರಕ್ಷರಗಳು ದೇಶದಾದ್ಯಂತ ಮನೆಮಾತಾದುವು. ಚಿತ್ರಕಥೆಯು ಕಲ್ಪಿತವಾದುದು, ಕಲ್ಪನೆಗೆ ಆ ಸ್ವಾತಂತ್ರ್ಯವು ಸಲ್ಲುತ್ತದೆ. ಕಾವ್ಯವನ್ನು ಚರಿತ್ರೆಯ ಮಾನದಂಡದಿಂದ ಅಳೆದು ತೆಗಳುವುದು ವಿಮರ್ಶಕನಿಗೆ ತಕ್ಕುದಲ್ಲ. ಆದರೂ ಒಂದು ಮಾತನ್ನು ಹೇಳಲೇಬೇಕು. ಕಲ್ಪಿತ ಗಣಿಯಲ್ಲಿ ಜನರು ಉದ್ಧಾರಕನೊಬ್ಬನನ್ನು ಕಾಯುವ ಮೂಕಸಮೂಹವಾಗಿ ತೋರುತ್ತಾರೆ. ನಿಜವಾದ ಗಣಿಯಲ್ಲಿ ಅವರು ಸಂಘ ಕಟ್ಟಿದರು, ಮುಷ್ಕರ ಹೂಡಿದರು. ದೋಷವು ಚಿತ್ರದಲ್ಲಿಲ್ಲ, ಕಲ್ಪನೆಗೆ ಎದುರಾಗಿ ನಿಲ್ಲಬಲ್ಲ ಚರಿತ್ರೆಯ ತಿಳಿವಳಿಕೆಯನ್ನು ಓದುಗರಿಗೆ ಒದಗಿಸದ ನಮ್ಮಲ್ಲಿದೆ. ಜಾನಕಿ ನಾಯರ್ ಅವರು ಮೈಸೂರು ಸಂಸ್ಥಾನದ ಗಣಿಕಾರ್ಮಿಕರನ್ನೂ ಗಿರಣಿಕಾರ್ಮಿಕರನ್ನೂ ಕುರಿತು ಇಂಗ್ಲಿಷಿನಲ್ಲಿ ಬರೆದ ಗ್ರಂಥವು ೧೯೯೮ರಲ್ಲಿಯೇ ಹೊರಬಂದಿತು. ಅಂತಹ ಕೃತಿಗಳು ನಮ್ಮ ತರಗತಿಗಳನ್ನು ಪ್ರವೇಶಿಸಬೇಕಾಗಿದೆ.

ಈ ಮೂರು ಬಗೆಗಳೂ ಒಂದರಿಂದೊಂದು ಭಿನ್ನವಾಗಿ ತೋರಿದರೂ ಅವುಗಳ ನ್ಯೂನತೆಯು ಒಂದೇ. ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ, ಕರ್ಮವಿದೆ, ಕ್ರಿಯೆಯಿದೆ, ಕರ್ತೃಪದವು ಬೇರೆಯವರದಾಗಿದೆ. ದಿವಾನನು ತೋಡಿದನು, ಕಂಪನಿಯು ತೋಡಿತು, ನಾಯಕನು ತೋಡಿಸಿದನು. ತೋಡಿದವನು ತೋಡಿದನು ಎಂಬ ಸರಳವಾಕ್ಯವು ಮಾತ್ರ ಎಲ್ಲಿಯೂ ಇಲ್ಲ.

೪

ಗಣಿಯೊಂದನ್ನು ಸಮಗ್ರವಾಗಿ ಕಾಪಾಡುವುದು ಸಾಧ್ಯವೇ ಎಂಬ ಸಂದೇಹವು ಸಹಜ. ಇದಕ್ಕೆ ಉತ್ತರವಾಗಿ ಕೋಲಾರಕ್ಕೆ ನೇರವಾದ ಸಂಬಂಧವಿರುವ ಒಂದು ಪ್ರದೇಶವನ್ನೇ ತೆಗೆದುಕೊಳ್ಳಬಹುದು. ಜಾನ್ ಟೇಲರ್ ಸಂಸ್ಥೆಯ ಕಾಲದಲ್ಲಿ ಕೋಲಾರಕ್ಕೆ ಬಂದ ಯುರೋಪಿಯನ್ ಗಣಿಗಾರರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲಿನವರು ಹಲವರು. ತವರ ಮತ್ತು ತಾಮ್ರದ ಗಣಿಗಳಲ್ಲಿ ಪಳಗಿದ ಜನ ಅವರು. ಆ ಕಾರ್ನ್‌ವಾಲಿನ ಮತ್ತು ಪಶ್ಚಿಮ ಡೆವನ್ನಿನ ಗಣಿಪ್ರದೇಶವು ೨೦೦೬ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ಗೌರವಕ್ಕೆ ಪಾತ್ರವಾದುದು ಒಂದು ಕಟ್ಟಡವಲ್ಲ. ಯಂತ್ರಗೃಹ, ಬಂದರು, ಸಾಗಣೆಯ ದಾರಿ, ಕಾರ್ಮಿಕರ ಮನೆ ಎಲ್ಲವೂ ಸೇರಿದ ಹತ್ತು ಪ್ರದೇಶಗಳ ಭೂದೃಶ್ಯ. ಅದರ ಹಿಂದಿನ ವರ್ಷ, ಚಿಲಿಯ ಮರುಭೂಮಿಯಲ್ಲಿ ಪೆಟ್ಲುಪ್ಪನ್ನು ತೆಗೆಯುತ್ತಿದ್ದ ಹಂಬರ್‌ಸ್ಟೋನ್ ಊರಿಗೆ ಅದೇ ಮನ್ನಣೆ ದೊರೆತಾಗ, ಕಾರ್ಮಿಕರು ಅಲ್ಲಿ ಬೆಳೆಸಿಕೊಂಡ ಜೀವನಕ್ರಮವನ್ನೂ ಭಾಷೆಯನ್ನೂ ಹೋರಾಟವನ್ನೂ ಆ ಸ್ಥಳದ ಮೌಲ್ಯದಲ್ಲಿ ಎಣಿಸಲಾಯಿತು. ಒಂದೇ ಗಣಿಪರಂಪರೆಯ ಒಂದು ತುದಿಯು ಕಾರ್ನ್‌ವಾಲಿನಲ್ಲಿ ವಿಶ್ವದ ಸೊತ್ತಾಯಿತು. ಅದರ ಇನ್ನೊಂದು ತುದಿಯು ಕೋಲಾರದಲ್ಲಿ ತುಕ್ಕಾಗುತ್ತಿದೆ.

ನಮ್ಮಲ್ಲಿ ಕಾನೂನಿನ ಅಡ್ಡಿಯಿದೆಯೆ? ೧೯೫೮ರ ಕೇಂದ್ರ ಅಧಿನಿಯಮವು ಪುರಾತನ ಸ್ಮಾರಕಕ್ಕೆ ನೂರು ವರ್ಷಗಳ ವಯಸ್ಸನ್ನು ವಿಧಿಸಿದೆ. ಶಿವನಸಮುದ್ರದ ವಿದ್ಯುದಾಗಾರವು ಆ ಗಡಿಯನ್ನು ೨೦೦೨ರಲ್ಲಿಯೇ ದಾಟಿತು. ಅಧಿನಿಯಮದ ಲಕ್ಷಣವಾಕ್ಯದಲ್ಲಿ ಗುಹೆ, ಶಿಲ್ಪ, ಶಾಸನ, ಏಕಶಿಲೆಗಳ ಹೆಸರುಗಳಿವೆ, ಯಂತ್ರದ ಹೆಸರಿಲ್ಲ. ಆದರೆ ಚಾರಿತ್ರಿಕ ಮಹತ್ತ್ವವುಳ್ಳ ಯಾವ ನಿರ್ಮಾಣವನ್ನಾದರೂ ಒಳಗೊಳ್ಳುವಷ್ಟು ವಿಶಾಲವಾದ ಮಾತು ಅದರಲ್ಲಿದೆ. ಸಂಕೋಚವಿರುವುದು ಕಾನೂನಿನಲ್ಲಿ ಅಲ್ಲ, ನಮ್ಮ ರುಚಿಯಲ್ಲಿ. ದೇಗುಲದ ಗೋಪುರಕ್ಕೆ ಕೈಮುಗಿಯುವ ಕಣ್ಣಿಗೆ ಶಾಫ್ಟಿನ ಗೋಪುರವು ಗುಜರಿಯಾಗಿ ಕಾಣುತ್ತದೆ.

ಆದರೆ ಇಲ್ಲಿ ಒಂದು ಕಠಿನವಾದ ಪ್ರಶ್ನೆಯನ್ನು ನಾವು ಮರೆಯುವಂತಿಲ್ಲ. ಇದ್ದುದೆಲ್ಲವನ್ನೂ ಇದ್ದಂತೆಯೇ ಉಳಿಸುವುದು ಸಂರಕ್ಷಣೆಯೆ? ಚಿನ್ನವನ್ನು ತೆಗೆದ ಮೇಲೆ ಉಳಿದ ಕಲ್ಲಿನ ಪುಡಿಯು ಹದಿಮೂರು ದಿಬ್ಬಗಳಾಗಿ ಆ ಊರಿನ ನಡುವೆ ನಿಂತಿದೆ. ಜನರು ಅವನ್ನು ಸೈನೈಡ್ ದಿಬ್ಬಗಳೆಂದು ಕರೆಯುತ್ತಾರೆ. ಅದರ ಒಟ್ಟು ಮೊತ್ತವು ಮೂರು ಕೋಟಿ ಟನ್ನನ್ನು ಮೀರುತ್ತದೆ. ಅದರಲ್ಲಿ ಅಲ್ಪಪ್ರಮಾಣದ ಚಿನ್ನವು ಇನ್ನೂ ಇರುವುದರಿಂದ ಆ ದಿಬ್ಬಗಳನ್ನು ಮರಳಿ ಸಂಸ್ಕರಿಸುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯದ ಸಚಿವಸಂಪುಟವು ೨೦೨೪ರಲ್ಲಿ ಒಪ್ಪಿಗೆ ನೀಡಿತು. ದಿಬ್ಬಗಳು ಕರಗಿದರೆ ಕೆ.ಜಿ.ಎಫ್.ನ ಗುರುತಿನ ಚಿತ್ರವೇ ಅಳಿಯುತ್ತದೆಂದು ಮರುಗುವವರಿದ್ದಾರೆ. ನಾವು ಆ ಪಕ್ಷವನ್ನು ಹಿಡಿಯಲಾರೆವು. ಗಾಳಿಯ ಕಾಲದಲ್ಲಿ ಆ ಧೂಳನ್ನು ಉಸಿರಾಡುವವರು ಅಲ್ಲಿಯ ನಿವಾಸಿಗಳು. ಅವರ ಉಸಿರಿನ ಬೆಲೆಯಿಂದ ನಮ್ಮ ಚಿತ್ರವು ಉಳಿಯಬೇಕೆನ್ನುವುದು ಅನ್ಯಾಯ. ಆದರೆ ದಿಬ್ಬವು ಹೋಗುವುದಾದರೆ ಅದು ಬರಹವಾಗಿ, ನಕ್ಷೆಯಾಗಿ, ಛಾಯಾಚಿತ್ರವಾಗಿ ಉಳಿದು ಹೋಗಬೇಕು. ಯಾವ ದಿಬ್ಬವು ಯಾವ ಮಿಲ್ಲಿನದು, ಯಾವ ಕಾಲದಲ್ಲಿ ಬೆಳೆದುದು ಎಂಬ ವಿವರವಿಲ್ಲದೆ ಅದನ್ನು ಕರಗಿಸುವುದು, ಪ್ರತಿಯೆತ್ತದೆ ಶಾಸನವನ್ನು ಒಡೆದಂತೆ. ರಕ್ಷಿಸತಕ್ಕುದು, ದಾಖಲಿಸಿ ಬಿಡತಕ್ಕುದು ಎಂಬ ಈ ವಿವೇಚನೆಯೇ ಸಂರಕ್ಷಣೆಯ ಪ್ರಾಣ. ಈ ವಿವೇಚನೆಯಲ್ಲಿ ಮೊದಲ ಮಾತು ಅಲ್ಲಿ ವಾಸಿಸುವವರದಾಗಿರಬೇಕು.

೫

ಕೊನೆಯದಾಗಿ, ಗಣಿಯ ಪರಂಪರೆಯಲ್ಲಿ ಅತಿ ಶೀಘ್ರವಾಗಿ ಅಳಿಯುತ್ತಿರುವ ಭಾಗವನ್ನು ಕುರಿತು ಎರಡು ಮಾತು. ಉಕ್ಕಿನ ಗೋಪುರವು ಇನ್ನು ಕೆಲವು ದಶಕಗಳ ಕಾಲ ನಿಂತೀತು. ನೆಲದಡಿಯ ಸುರಂಗಗಳು ನೀರಿನಲ್ಲಿ ಮುಳುಗಿ ಓದಲಾಗದ ಪುಟಗಳಾಗಿವೆ. ಅವನ್ನು ಓದಬಲ್ಲವರು ಅಲ್ಲಿ ಕೆಲಸಮಾಡಿದವರು ಮಾತ್ರ. ಬಂಡೆಯು ಸಿಡಿಯುವ ಮುನ್ನ ಯಾವ ಸದ್ದು ಕೇಳುತ್ತಿದ್ದಿತು, ಮರದ ಊರೆಯನ್ನು ಹೇಗೆ ಕೊಡುತ್ತಿದ್ದರು, ಚಿನ್ನದ ಎಳೆಯು ಎಲ್ಲಿ ತಿರುಗಿತೆಂಬುದನ್ನು ದೀಪದ ಬೆಳಕಿನಲ್ಲಿ ಹೇಗೆ ಕಂಡುಕೊಳ್ಳುತ್ತಿದ್ದರು ಎಂಬ ತಿಳಿವು ವರದಿಗಳಲ್ಲಿಲ್ಲ, ಅವರ ನಾಲಗೆಯಲ್ಲಿದೆ. ೧೯೫೬ರ ರಾಷ್ಟ್ರೀಕರಣಕ್ಕೆ ಮುನ್ನ ಹದಿನೆಂಟರ ವಯಸ್ಸಿನಲ್ಲಿ ಗಣಿಗಿಳಿದವರು ಇಂದು ತೊಂಬತ್ತರ ಆಸುಪಾಸಿನಲ್ಲಿದ್ದಾರೆ. ಮುಚ್ಚುವ ಹೊತ್ತಿಗೆ ನಡುವಯಸ್ಸಿನಲ್ಲಿದ್ದವರು ಎಪ್ಪತ್ತನ್ನು ಸಮೀಪಿಸಿದ್ದಾರೆ ಅಥವಾ ದಾಟಿದ್ದಾರೆ. ಇನ್ನು ಹದಿನೈದು ವರ್ಷಗಳ ಮೇಲೆ ಈ ಕೆಲಸವನ್ನು ಆರಂಭಿಸುವವರಿಗೆ ಕೇಳುವ ಕಿವಿಯಿದ್ದರೂ ಹೇಳುವ ಬಾಯಿ ಸಿಕ್ಕುವುದು ದುರ್ಲಭ.

ಇಲ್ಲೊಂದು ಆಕ್ಷೇಪವನ್ನು ಊಹಿಸಬಹುದು. ಗಣಿಯ ಕಾರ್ಮಿಕರ ನುಡಿಯು ಬಹುಮಟ್ಟಿಗೆ ತಮಿಳು ಮತ್ತು ತೆಲುಗು; ಕನ್ನಡ ಅಧ್ಯಯನಕ್ಕೆ ಅದರಿಂದೇನು? ಈ ಆಕ್ಷೇಪವು ನಮ್ಮ ಶಾಸನಪರಂಪರೆಗೇ ವಿರುದ್ಧವಾದುದು. ಕೋಲಾರ ಜಿಲ್ಲೆಯ ಶಾಸನಸಂಪುಟದಲ್ಲಿಯೇ ಕನ್ನಡದೊಡನೆ ತಮಿಳು ಶಾಸನಗಳೂ ವಿಪುಲವಾಗಿವೆ. ಅವನ್ನು ಹೊರಗಿಟ್ಟು ನಾಡಿನ ಚರಿತ್ರೆಯನ್ನು ಬರೆಯಬಹುದೆಂದು ಯಾರೂ ಹೇಳಿಲ್ಲ. ಕಲ್ಲಿನ ಮೇಲಿನ ತಮಿಳಿಗೆ ಸಲ್ಲುವ ಮರ್ಯಾದೆಯು ಬಾಯಿಯಲ್ಲಿರುವ ತಮಿಳಿಗೂ ಸಲ್ಲಬೇಕು. ಕನ್ನಡ, ತಮಿಳು, ತೆಲುಗು, ಇಂಗ್ಲಿಷು ನಾಲ್ಕೂ ಸೇರಿ ಗಣಿಯ ಕೆಲಸಕ್ಕಾಗಿ ಒಂದು ಪದಸಂಪತ್ತು ಅಲ್ಲಿ ಬಳಕೆಯಲ್ಲಿದ್ದಿತು. ಅದನ್ನು ಸಂಗ್ರಹಿಸಿ ಅರ್ಥವನ್ನು ನಿರ್ಣಯಿಸುವುದು ಭಾಷಾವಿಭಾಗದ ಕೆಲಸವಲ್ಲದೆ ಮತ್ತಾರ ಕೆಲಸ? ಸ್ಥಳನಾಮಗಳಲ್ಲಿಯೂ ಅಂತಹ ಸಾಮಗ್ರಿಯಿದೆ. ರೆಸಿಡೆಂಟನೊಬ್ಬನ ಹೆಸರನ್ನು ಹೊತ್ತ ರಾಬರ್ಟ್‌ಸನ್‌ಪೇಟೆ, ನಂದಿಬೆಟ್ಟದಿಂದ ದೂರದಲ್ಲಿದ್ದೂ ಕಂಪನಿಯ ಹೆಸರಿನಿಂದ ‘ನಂದಿದುರ್ಗ’ವಾದ ಗಣಿ, ಇವು ಆಡಳಿತವು ನೆಲದ ಮೇಲೆ ಬರೆದ ಅಕ್ಷರಗಳು. ಕಾರ್ಮಿಕರು ತಮ್ಮ ಕೇರಿಗಳಿಗೂ ಶಾಫ್ಟುಗಳಿಗೂ ಇಟ್ಟುಕೊಂಡ ಹೆಸರುಗಳನ್ನು ಅವುಗಳ ಪಕ್ಕದಲ್ಲಿಟ್ಟು ನೋಡಿದಾಗಲೇ ಊರಿನ ಚರಿತ್ರೆಯು ಪೂರ್ಣವಾಗುವುದು.

ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಇದರಲ್ಲಿ ಮಾಡಬಹುದಾದುದು ಅಲ್ಪವಲ್ಲ. ಒಂದು ರಜೆಯಲ್ಲಿ ಒಂದು ಲೈನಿನ ಮನೆಗಳ ನಕ್ಷೆಯನ್ನು ಬರೆಯಬಹುದು. ನಿವೃತ್ತ ಕಾರ್ಮಿಕನೊಬ್ಬನ ಮಾತನ್ನು ಅವನ ಒಪ್ಪಿಗೆಯಿಂದ, ಅವನ ನುಡಿಯಲ್ಲಿಯೇ ಧ್ವನಿಮುದ್ರಿಸಬಹುದು. ಮನೆಗಳಲ್ಲಿ ಉಳಿದಿರುವ ಕೂಲಿಚೀಟಿ, ಸಂಘದ ಕರಪತ್ರ, ಸನ್ಮಾನಪತ್ರಗಳ ಪ್ರತಿಯೆತ್ತಿ ಮೂಲವನ್ನು ಮನೆಯವರಿಗೇ ಹಿಂದಿರುಗಿಸಬಹುದು. ಇದಕ್ಕೆ ದೊಡ್ಡ ಅನುದಾನವು ಬೇಕಿಲ್ಲ. ರೈಸ್ ಅವರೂ ಅವರ ಸಹಾಯಕರೂ ಊರೂರು ತಿರುಗಿ ಶಾಸನದ ಅಚ್ಚುಗಳನ್ನು ತೆಗೆದ ಶ್ರದ್ಧೆಯು ಬೇಕು.

ಊರಿನ ದನಗಳನ್ನು ಕಾಯಲು ಹೋಗಿ ಮಡಿದವನ ಹೆಸರನ್ನು ವೀರಗಲ್ಲು ಸಾವಿರ ವರ್ಷ ಹೊತ್ತು ನಿಂತಿದೆ. ಅಕ್ಷರವನ್ನೇ ಅರಿಯದ ಒಬ್ಬ ತುರುಗಾಹಿಯ ಹೆಸರನ್ನು ಓದಿ ಅವನ ಕಾಲವನ್ನು ನಿರ್ಣಯಿಸಲು ನಾವು ವರ್ಷಗಟ್ಟಲೆ ಚರ್ಚಿಸುತ್ತೇವೆ, ಅದು ಯುಕ್ತವೇ. ಅದೇ ಜಿಲ್ಲೆಯಲ್ಲಿ, ನಮ್ಮ ತಂದೆ ತಾತಂದಿರ ಕಾಲದಲ್ಲಿ, ಬಂಡೆ ಸಿಡಿದು ಮಡಿದವನ ಹೆಸರನ್ನು ಅವನ ಮೊಮ್ಮಗನು ಇಂದಿಗೂ ಹೇಳಬಲ್ಲನು. ಕೇಳಿ ಬರೆದುಕೊಳ್ಳುವುದಷ್ಟೇ ನಮ್ಮ ಪಾಲಿಗೆ ಉಳಿದಿರುವ ಕೆಲಸ.